ಅರ್ಧ ಕೋಣೆಯ ಮಕ್ಕಳು

ಸರ್ಕಾರಿ ಶಾಲೆಗಳಿಗೆ ಹೆಚ್ಚು ಹಣ ಕೊಡಬೇಕೆಂದು ಸರ್ಕಾರ ತೀರ್ಮಾನಿಸಿದ ವರ್ಷ ನಮ್ಮ ಶಾಲೆಗೂ ಹೊಸ ಕಟ್ಟಡ ಬಂತು. ನಾವು ಕೇಳಿ ಕೇಳಿ ನಾಲಿಗೆ ಸವೆಸಿಕೊಂಡಿದ್ದ ಕೋಣೆಗಳೂ ಬಂದವು, ಯಾರೂ ಕೇಳದ ಕಿಟಕಿ ಪರದೆಗಳೂ ಬಂದವು.

ಅದಕ್ಕೆ ಮೊದಲು ಒಂದು ಕೋಣೆಯಲ್ಲಿ ಎರಡು ತರಗತಿ. ನನ್ನ ಮೂರನೆಯ ತರಗತಿ ಈ ಗೋಡೆಗೆ ಮುಖ ಮಾಡಿದರೆ, ನನ್ನ ಹೆಂಡತಿಯ ನಾಲ್ಕನೆಯ ತರಗತಿ ಎದುರು ಗೋಡೆಗೆ. ಮಕ್ಕಳು ಬೆನ್ನಿಗೆ ಬೆನ್ನು, ನಾವಿಬ್ಬರು ಮುಖಾಮುಖಿ. “ಬೇರೆ ಗಂಡಸರು ಮನೆಯಿಂದ ಹೊರಬಿದ್ದರೆ ಹೆಂಡತಿ ಕಣ್ಣು ತಪ್ಪುತ್ತೆ. ನಿಮಗೆ ಆ ಭಾಗ್ಯವೂ ಇಲ್ಲ,” ಎಂದು ಅವಳು ನಗುತ್ತಿದ್ದಳು. ಒಬ್ಬರ ಮಕ್ಕಳು ಗಟ್ಟಿಯಾಗಿ ಓದುವಾಗ ಇನ್ನೊಬ್ಬರ ಮಕ್ಕಳು ಬಾಯಿ ಮುಚ್ಚಿ ಬರೆಯಬೇಕು. ಇದು ನಮ್ಮಿಬ್ಬರ ಕಟ್ಟಳೆ. ನಾವು ನಿವೃತ್ತರಾದ ಮೇಲೂ ಶಾಲೆ ಹಾಗೆಯೇ ನಡೆಯಿತು.

ಹೊಸ ಕಟ್ಟಡದ ಅಡಿಪಾಯವನ್ನು ಅವಳು ನೋಡಿದಳು. ಸೂರು ಏರುವ ಮೊದಲೇ ದೇವರು ಕರೆದುಕೊಂಡ. ಅವನ ಲೆಕ್ಕವನ್ನು ತಿದ್ದಲು ನಾನು ಯಾರು?

ಮುಖ್ಯೋಪಾಧ್ಯಾಯಿನಿ ಅವಳ ಶಿಷ್ಯೆಯೇ. ಆಳು ಸಣ್ಣಗಿರುವುದರಿಂದ ನಮ್ಮ ಮನೆಯಲ್ಲಿ ಇಂದಿಗೂ ‘ಗುಬ್ಬಿ’. ಒಂದು ದಿನ ಬಂದು, “ಮೇಷ್ಟ್ರೇ, ಕೋಣೆ ಕೊಟ್ಟಿದ್ದಾರೆ, ಮೂರನೇ ಕ್ಲಾಸಿಗೆ ಮೇಷ್ಟ್ರನ್ನ ಕೊಟ್ಟಿಲ್ಲ. ಶಿಕ್ಷಣ ಇಲಾಖೆ ಸಾಹೇಬರು ಬಂದು ನೋಡಿ, ಕೋಣೆಗಳೆಲ್ಲ ಬಳಕೆಯಲ್ಲಿವೆ ಅಂತ ಬರೆದರೆ ಮಾತ್ರ ಕೊಡ್ತಾರಂತೆ. ಇಲ್ಲದಿದ್ದರೆ ಆ ಹುದ್ದೆ ಬೇರೆ ಶಾಲೆಗೆ. ಅಲ್ಲೀವರೆಗೆ ನೀವು ಬನ್ನಿ,” ಎಂದಳು.

“ನನಗೆ ಹಲ್ಲೇ ಇಲ್ಲವಲ್ಲೇ ಗುಬ್ಬಿ.”

“ಪಾಠ ತಾನೇ ಮಾಡಬೇಕು, ಕಚ್ಚಬೇಕಾಗಿಲ್ಲವಲ್ಲ.”

ಹೋದೆ. ಹೊಸ ಕೋಣೆ ಹಾಲು ಸುರಿದ ಹಾಗೆ ಬೆಳ್ಳಗಿತ್ತು. ಆದರೆ ಮಕ್ಕಳು ಮುಂದಿನ ಅರ್ಧದಲ್ಲಿ ಅಂಟಿಕೊಂಡು ಕೂತಿದ್ದರು. ಹಿಂದಿನ ಅರ್ಧ ಬಯಲು. ಗುಬ್ಬಿ ಗದರಿ ಹರಡಿ ಕೂರಿಸಿದರೂ ಮಧ್ಯಾಹ್ನದೊಳಗೆ ಮತ್ತೆ ಒತ್ತೊತ್ತಾಗಿ ಮುಂದೆ. ಅವರನ್ನೇನು ಬೈಯುವುದು? ನಾನೂ ಪಿಸುಮಾತಿನಲ್ಲೇ ಪಾಠ ಮಾಡುತ್ತಿದ್ದೆ. ಮಧ್ಯೆ ತಲೆ ಎತ್ತಿ ಎದುರು ಗೋಡೆಯ ಕಡೆ ನೋಡಿ, ಅಲ್ಲಿ ಯಾರೂ ಇಲ್ಲದ್ದಕ್ಕೆ ಹೇಳುತ್ತಿದ್ದ ಮಾತು ಮರೆಯುತ್ತಿದ್ದೆ.

ಸಾಹೇಬರು ಬಂದರು. ಬಾಗಿಲಲ್ಲೇ ನಿಂತು, “ಏನಮ್ಮ, ನಿಮಗೆ ಅರ್ಧ ಕೋಣೆಯೇ ಸಾಕಾಗುತ್ತಲ್ಲ!” ಎಂದರು.

“ಅಭ್ಯಾಸ ಸರ್. ಹಳೇ ಕೋಣೇಲಿ ಎರಡು ಕ್ಲಾಸು...” ಎಂದಳು ಗುಬ್ಬಿ.

“ಹೋದ ಹೋದ ಶಾಲೇಲಿ ನನಗೊಂದು ಕಥೆ ಎತ್ತಿಟ್ಟಿರ್ತಾರೆ.” ಅವರು ಕೊನೆಯ ಸಾಲಿನ ಹುಡುಗಿಯತ್ತ ಬಾಗಿದರು. “ಆ ಕಡೆ ಯಾಕೆ ಕೂತಿಲ್ಲ ಪುಟ್ಟಿ?”

“ಅದು ನಾಲ್ಕನೇ ಕ್ಲಾಸಿನವರ ಜಾಗ ಸರ್.”

“ಅವರು ಪಕ್ಕದ ಕೋಣೇಲಿದ್ದಾರಲ್ಲ?”

“ಹೌದು ಸರ್. ಆದರೂ ಜಾಗ ಅವರದೇ.”

ಅಷ್ಟರಲ್ಲಿ ಪಕ್ಕದ ಕೋಣೆಯ ಮಕ್ಕಳು ಪದ್ಯ ಎತ್ತಿಕೊಂಡರು. ಕೂಡಲೇ ನನ್ನ ಮಕ್ಕಳು ಬಾಯಿಗೆ ಬೀಗ ಹಾಕಿ ಪೆನ್ಸಿಲ್ ಹಿಡಿದರು. ಯಾರೂ ಹೇಳಿರಲಿಲ್ಲ.

“ನೋಡಿದ್ರಾ? ಒಂದು ಕ್ಲಾಸು ನಡೆದರೆ ಇನ್ನೊಂದು ಸುಮ್ಮನೆ ಕೂರುತ್ತೆ,” ಎಂದರು ಸಾಹೇಬರು. “ಇದಕ್ಕೆ ಇನ್ನೊಬ್ಬ ಮೇಷ್ಟ್ರು ಯಾಕಮ್ಮ?” ಪೆನ್ನಿನ ಮುಚ್ಚಳ ತೆಗೆದರು. ಗುಬ್ಬಿಯ ಮುಖ ಸಪ್ಪಗಾಯಿತು.

ಪಕ್ಕದ ಪದ್ಯ ಸಾಗುತ್ತಲೇ ಇತ್ತು. ನಾಲ್ಕನೆಯ ತರಗತಿ ಓದುವಾಗ ನಾನು ಒಮ್ಮೆಯೂ ದನಿ ಎತ್ತಿದವನಲ್ಲ. ಅದು ನನ್ನ ಹೆಂಡತಿಯ ಸರದಿ. ಮನಸ್ಸಿನಲ್ಲೇ ದೇವರನ್ನು ನೆನೆದೆ, ಅವಳನ್ನೂ ನೆನೆದೆ. ಆಮೇಲೆ ನಡೆದುಹೋಗಿ ಆ ಬಯಲಿನ ನಟ್ಟನಡುವೆ ನಿಂತೆ.

“ಏಳಿ, ಎಲ್ಲರೂ ಇಲ್ಲಿಗೆ ಬನ್ನಿ! ಏಳೊಂದ್ಲ ಏಳು!”

ಮಕ್ಕಳು ಬೆಚ್ಚಿದರು. “ಮೇಷ್ಟ್ರೇ, ನಾಲ್ಕನೆಯವರು ಓದ್ತಿದ್ದಾರೆ!” ಎಂದಳು ಆ ಹುಡುಗಿ.

“ಓದಲಿ. ನಾವೂ ಓದೋಣ. ಏಳೆರಡ್ಲ?”

“ಹದಿನಾಲ್ಕು...” ಎಂದು ಒಂದೆರಡು ದನಿ. ಮುಂದಿನದಕ್ಕೆ ಹತ್ತಾರು. ಅದರ ಮುಂದಿನದಕ್ಕೆ ಇಡೀ ಕೋಣೆ. ಪಕ್ಕದವರು ಒಂದು ಗಳಿಗೆ ತಬ್ಬಿಬ್ಬಾಗಿ ನಿಂತು, ಆಮೇಲೆ ನಾವೇನು ಕಮ್ಮಿಯೇ ಎಂದು ಪದ್ಯವನ್ನು ಇನ್ನೂ ಏರಿಸಿದರು. ನನ್ನ ಮಕ್ಕಳು ಬಿಟ್ಟಾರೆಯೇ? ಬೆಂಚುಗಳನ್ನು ಎಳೆದುಕೊಂಡು ಮೂಲೆ ಮೂಲೆಗೂ ಹರಡಿದರು.

ಸಾಹೇಬರು ಏನೋ ಹೇಳಿದರು. ಗುಬ್ಬಿ, “ಏನಂದ್ರಿ ಸರ್?” ಎಂದು ಕೂಗಿದಳು.

“ಇನ್ನೊಬ್ಬರು ಬೇಕು ಅಂದೆ!” ಅವರೂ ಕೂಗಿದರು. “ಈ ಸೈನ್ಯಾನ ಈ ಅಜ್ಜ ಒಬ್ಬರೇ ಎಷ್ಟು ದಿನ ತಡಕೊಂಡಾರು! ನಿಮ್ಮ ಕಥೇನೂ ನಿಜ ಅಂತ ಈಗ ಗೊತ್ತಾಯ್ತು ಬಿಡಿ.” ನಗುತ್ತಲೇ ಗೋಡೆಗೆ ಕಾಗದವಿಟ್ಟು ಬರೆದರು. ಗುಬ್ಬಿ ಇಣುಕಿ ನೋಡಿ, ನನ್ನ ಕಡೆ ತಿರುಗಿ ಕೈಮುಗಿದಳು.

ಅವರನ್ನು ಬೀಳ್ಕೊಟ್ಟು ಬಂದವಳು ಬಾಗಿಲಲ್ಲಿ ಕಿವಿಗೆ ಬೆರಳಿಟ್ಟು ನಿಂತಳು. “ಸಾಕು ಮೇಷ್ಟ್ರೇ, ಹೋದರು! ಇನ್ನು ಮೆಲ್ಲಗೆ ಹೇಳಿಸಿ.”

ನನಗೆ ಚೆನ್ನಾಗಿಯೇ ಕೇಳಿಸಿತು. ಎಂಟರ ಮಗ್ಗಿ ಶುರು ಮಾಡಿದೆ.