ಪೇಟಿ ಹೊರಗಿಟ್ಟು

ಹುಣಸೆ ಬೀಜದ ಸರಿ ಹಚ್ಚಿದ ಕಂಬಳಿಯ ವಾಸನೆ ಮೂಗಿಗೆ ಬಡಿದದ್ದೇ ಬೀರವ್ವನಿಗೆ ಕರಜಗಿಯ ತವರುಮನೆ ನೆನಪಾಯಿತು. ಅವ್ವ ಒಲೆಯ ಮೇಲೆ ಗಂಜಿಯಂಥ ಆ ಸರಿ ಕುದಿಸುತ್ತಿದ್ದಳು. ಅಪ್ಪ ಅಂಗಳದಲ್ಲಿ ಹೊಸ ಕಂಬಳಿ ಬಿಗಿದು ಅದನ್ನು ಬಳಿಯುತ್ತಿದ್ದ. ಆ ವಾಸನೆ ಅವಳ ತಲೆಗೂದಲಲ್ಲಿ ವಾರಗಟ್ಟಲೆ ಉಳಿಯುತ್ತಿತ್ತು. ಈಗ ಯಳವಿಯ ಸಾಲೆಯ ಕಿಟಕಿ ಬಾಗಿಲಿಗೆಲ್ಲ ಊರವರ ಕಂಬಳಿ ತೂಗುಬಿಟ್ಟಿದ್ದರು. ರೇಡಿಯೋದವರ ಮಶೀನು ಹೊರಗಿನ ಕಾಗೆಯ ಕೂಗನ್ನೂ ಹಿಡಿದುಬಿಡುತ್ತದಂತೆ.

“ಪೇಟಿ ಹೊರಗ ಇಡ್ರಿ ಮಾಸ್ತರ,” ಎಂದರು ರೇಡಿಯೋ ಸಾಹೇಬರು ಕನ್ನಡಕ ಒರೆಸುತ್ತ. “ರೇಡಿಯೋದಾಗ ಪೇಟಿ ನಡಿಯೂದಿಲ್ಲರಿ, ಸರಕಾರದ ಹುಕುಂ. ತಂಬೂರಿ ತಂದೇವಿ.”

ಹಾರ್ಮೋನಿಯಂ ಪೆಟ್ಟಿಗೆಯ ಮೇಲಿಟ್ಟ ಕೈಯನ್ನು ಪೇಟಿ ಮಾಸ್ತರ ಕಾಸೀಂಸಾಬ ತೆಗೆಯಲಿಲ್ಲ. “ಹದಿನೆಂಟ ವರ್ಷ ಆತ್ರಿ ಸಾಹೇಬ್ರ, ಬೀರವ್ವ ಬಾಯಾರು ಮುಂದ, ನನ್ನ ಪೇಟಿ ಹಿಂದ. ಮದಿಮಗನ್ನ ಹೊರಗ ನಿಂದ್ರಿಸಿ ಅಕ್ಕಿಕಾಳ ಹಾಕಿಧಂಗ ಆಕ್ಕೈತಿ.”

ಸಾಹೇಬರು ನಕ್ಕರು. ಬೀರವ್ವ ನಗಲಿಲ್ಲ. ಕೊನೆಗೆ ಪೇಟಿ ಹೊರಗಿನ ಬೇವಿನ ಕಟ್ಟೆ ಸೇರಿತು.

ಒಂದು ಕಾಲದಲ್ಲಿ ಅವಳ ಹಾಡು ಕೇಳಲು ಜನ ಬಂಡಿ ಕಟ್ಟಿಕೊಂಡು ಬರುತ್ತಿದ್ದರು. ನಾಟಕದ ಡೇರೆಯ ಕೊನೆಯ ಸಾಲಿಗಷ್ಟೇ ಅಲ್ಲ, ತಿಕೀಟಿಲ್ಲದೆ ಹೊರಗೆ ನಿಂತವರಿಗೂ ಅವಳ ದನಿ ಮುಟ್ಟುತ್ತಿತ್ತು. ಅವಳ ಎರಡು ಗ್ರಾಮಫೋನ್ ಪ್ಲೇಟುಗಳು ಚಹಾದಂಗಡಿಗಳಲ್ಲಿ ಗೀರುಬಿದ್ದು ಸವೆಯುವವರೆಗೆ ತಿರುಗಿದ್ದವು. ಆಮೇಲೆ ಟಾಕಿ ಸಿನಿಮಾ ಬಂತು, ನಾಟಕ ಕಂಪನಿ ಒಡೆಯಿತು. ಅದಕ್ಕೂ ಮೊದಲೇ ಇನ್ನೊಂದು ಒಡೆದಿತ್ತು. ತಿಕೋಂಡಿ ಊರಿನ ಆಟದಲ್ಲಿ ಮೇಲಿನ ಸಾ ಸ್ವರ ಹಿಡಿಯಹೋದಾಗ ಗಂಟಲಿಂದ ಬರೀ ಗಾಳಿ ಬಂದಿತ್ತು. ಅವಳು ಬೆಚ್ಚುವುದರೊಳಗೆ ಪೇಟಿಯಿಂದ ಅದೇ ಸಾ ತುಂಬಿ ಎದ್ದಿತ್ತು. ಜನ ಅವಳಿಗೇ ಚಪ್ಪಾಳೆ ತಟ್ಟಿದರು. ಅಂದಿನಿಂದ ಆ ಜಾಗ ಬಂದಾಗಲೆಲ್ಲ ಅವಳು ಬಾಯಿ ತೆರೆಯುತ್ತಿದ್ದಳು, ಪೇಟಿ ಹಾಡುತ್ತಿತ್ತು. ಈ ಮಾತನ್ನು ಇಬ್ಬರೂ ಒಮ್ಮೆಯೂ ಎತ್ತಿರಲಿಲ್ಲ.

ಸಾಹೇಬರು ಒಪ್ಪಿದರೆ ವರ್ಷಕ್ಕೆ ನಾಲ್ಕು ಸಲ ರೇಡಿಯೋದಲ್ಲಿ ಹಾಡು. ಒಪ್ಪದಿದ್ದರೆ ಕರಜಗಿ. ಅಣ್ಣ ಗೊಲ್ಲಾಳಪ್ಪ ಹೇಳಿ ಕಳಿಸಿದ್ದ: “ಬಂದ್ರ ಬರ್ಲಿ, ಉಣ್ಣೆ ನೂಲಲಿ. ಹಾಡು ಗೀಡು ಮಾತ್ರ ಹೊಸ್ತಿಲ ಹೊರಗ.”

ತಂಬೂರಿ ಮಿಡಿದು ನೋಡಿ ಸಾಹೇಬರು ಹೇಳಿದರು, “ಶ್ರುತಿ ಒಂದೀಟ ಇಳಸೂಣಲ್ರಿ? ಮುಂದ ಮೈಕ ಐತಿ, ಒದರೂ ಕಾರಣ ಇಲ್ಲ.”

“ಕರೀ ಐದರ ಏರು ಶ್ರುತಿಯಾಗ ಹಾಡಿದಾಕಿ ರೀ ನಾ. ಇಳಿಸಿದ್ರ ಮಂದಿ ಏನಂದಾರು?”

“ಮಂದಿ ಎಲ್ಲಿ ಅದಾರ್ರಿ ಇಲ್ಲಿ? ನಾವ ಮೂರ ಮಂದಿ.”

“ಇಳಸ್ರಿ ಬಾಯಾರ,” ಎಂದ ಕಾಸೀಂಸಾಬ ಮೆಲ್ಲಗೆ.

ಅವಳು ಅವನನ್ನು ದುರುಗುಟ್ಟಿ ನೋಡಿದಳು. ಕಂಪನಿಯಲ್ಲಿ ಶ್ರುತಿ ಇಳಿಸಿದವಳಿಗೆ ಮರುದಿನವೇ ಅತ್ತೆಯ ಪಾತ್ರ ಕೊಡುತ್ತಿದ್ದರು. ಅದರ ಮರುವರ್ಷ ಅದೂ ಇಲ್ಲ. ಎಷ್ಟು ಹೆಂಗಸರು ಹಾಗೆ ಸದ್ದಿಲ್ಲದೆ ಗಂಟು ಕಟ್ಟಿ ಹೋದದ್ದನ್ನು ಅವಳು ಕಂಡಿದ್ದಳು! “ಕರೀ ಐದ,” ಎಂದಳು.

ಮಶೀನಿನ ಚಕ್ರಗಳು ತಿರುಗತೊಡಗಿದವು. ತಂಬೂರಿ ಮಿಡಿಯುತ್ತ ಅವಳು ಹಾಡಿದ ಮೊದಲ ಸಾಲು ಚೆನ್ನಾಗಿಯೇ ಬಂತು. ಸಾಹೇಬರು ತಲೆದೂಗಿದ್ದನ್ನು ಕಂಡು ಅವಳ ಎದೆಯಲ್ಲಿ ಏನೋ ಚಿಗುರಿತು. ಎರಡನೆಯ ಸಾಲು ಏರತೊಡಗಿದಾಗ ಗೋಡೆಗೊರಗಿ ಕುಳಿತ ಕಾಸೀಂಸಾಬನ ಬೆರಳು ತನ್ನ ಮೊಣಕಾಲನ್ನೇ ಗಟ್ಟಿಯಾಗಿ ಒತ್ತಿತು. ಬೀರವ್ವ ಬಾಯಿ ತೆರೆದಳು. ಏನೂ ಬರಲಿಲ್ಲ. ಚಕ್ರಗಳು ತಿರುಗುತ್ತಲೇ ಇದ್ದವು.

“ಇನ್ನೊಮ್ಮೆ ನೋಡೂಣ್ರಿ, ಅವಸರ ಇಲ್ಲ,” ಎಂದರು ಸಾಹೇಬರು.

ಎರಡನೆಯ ಸಲ ಬರೀ ಕೆಮ್ಮು ಬಂತು.

ಸಾಹೇಬರು ಮಶೀನು ನಿಲ್ಲಿಸಿ ಕಿಟಕಿಯ ಕಡೆ ತಿರುಗಿ, ಜಾರದೇ ಇದ್ದ ಕಂಬಳಿಯನ್ನು ಬಹಳ ಹೊತ್ತು ಸರಿಪಡಿಸುತ್ತ ನಿಂತರು. ಅವಳು ಕಣ್ಣೊರೆಸಿಕೊಂಡು ಸೆರಗು ಸರಿಮಾಡಿಕೊಂಡ ಮೇಲೆಯೇ ಈಚೆ ತಿರುಗಿದರು. “ಪತ್ರಾ ಹಾಕ್ತೇವ್ರಿ ಬಾಯಾರ,” ಎಂದರು. ಆದರೆ ಅವಳ ವಿಳಾಸ ಕೇಳಲಿಲ್ಲ.

ಹೊರಗೆ ಬೇವಿನ ಕಟ್ಟೆಯ ಮೇಲೆ ಇಬ್ಬರೂ ಕುಳಿತರು. ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಕರಜಗಿಯ ದಾರಿಯ ಮೇಲೆ ಒಂದು ಹಕ್ಕಿಯೂ ಇರಲಿಲ್ಲ.

“ಎಷ್ಟ ವರ್ಷ ಮುಚ್ಚಿದ್ರಿ ಮಾಸ್ತರ?”

“ಏನ ಮುಚ್ಚಿದ್ನಿ?”

“ನನ್ನ ಮ್ಯಾಲಿನ ಸಾ.”

“ಈ ಪೇಟಿ ಭಾಳ ವಟವಟ ಬಾಯಾರ. ಎಲ್ಲಾರ ಬಾಯಾಗ ಬಾಯಿ ಹಾಕತೈತಿ.”

“ಇವತ್ತ ನೀವ ಹೇಳಿದ್ರಿ, ಇಳಸ್ರಿ ಅಂತ. ನಾ ಕೇಳಲಿಲ್ಲ.”

ಅವಳು ಮೊಣಕಾಲಲ್ಲಿ ಮುಖ ಹುದುಗಿಸಿದಳು. ಅಳುವುದಕ್ಕೂ ಗಂಟಲು ಒಪ್ಪದೆ ಬೆನ್ನು ಮಾತ್ರ ನಡುಗುತ್ತಿತ್ತು.

ಕಾಸೀಂಸಾಬ ಮನೆಯಿಂದ ಹೆಂಡತಿ ಖುರಷೀದ ಕಟ್ಟಿಕೊಟ್ಟ ಬುತ್ತಿ ಬಿಚ್ಚಿದ. ಸಜ್ಜೆ ರೊಟ್ಟಿಯ ಗಟ್ಟಿ ಅಂಚುಗಳನ್ನೆಲ್ಲ ಮುರಿದು ತನ್ನ ಕಡೆ ಇಟ್ಟುಕೊಂಡು, ಮೆತ್ತನೆಯ ನಡುಭಾಗವನ್ನು ಮೊಸರಿನಲ್ಲಿ ಬೆರಳಿಂದ ನುಣ್ಣಗೆ ಕಿವುಚಿದ. ಅವಳು ತಲೆಯೆತ್ತುವವರೆಗೆ ಕಾದು, ಬಟ್ಟಲನ್ನು ಎರಡೂ ಕೈಯಲ್ಲಿ ಅವಳ ಮುಂದೆ ಹಿಡಿದ.