ನೂರ ಹದಿನೆಂಟನೆಯ ಪ್ರಸ್ತಾವ

ಮೊಬೈಲ್ ಆ್ಯಪ್ ಬರೆಯುವವರ ಸಮ್ಮೇಳನವನ್ನು ಅವಳು ನಡೆಸಲು ಶುರುಮಾಡಿ ಇದು ಏಳನೇ ವರ್ಷ. ಮೊದಲ ಸಲ ಅರವತ್ತು ಜನ ಬಂದಿದ್ದರು. ಒಂದೇ ಕೋಣೆ, ಒಂದೇ ಮೈಕು. ಈಗ ಆರುನೂರು ಜನ, ಮೂರು ಹಾಲ್, ಎರಡು ದಿನ. ಈ ಕೆಲಸವನ್ನು ಯಾರೂ ಅವಳ ಕುತ್ತಿಗೆಗೆ ಕಟ್ಟಿರಲಿಲ್ಲ, ತಾನಾಗಿಯೇ ಕೈಯೆತ್ತಿ ಒಪ್ಪಿಕೊಂಡಿದ್ದಳು. ಹಾಗಾಗಿ ಸುಸ್ತಾಯಿತೆಂದು ಯಾರ ಹತ್ತಿರವೂ ಹೇಳಿಕೊಳ್ಳುವಂತಿರಲಿಲ್ಲ.

ಹೊಟ್ಟೆಪಾಡಿಗೆ ಅವಳು ಒಂದು ಕಂಪನಿಯಲ್ಲಿ ಟೆಸ್ಟರ್ ಆಗಿದ್ದಳು. ಬೇರೆಯವರು ಬರೆದ ಆ್ಯಪಿನಲ್ಲಿ ತಪ್ಪು ಹುಡುಕಿ ಪಟ್ಟಿ ಮಾಡುವ ಕೆಲಸ. ಸಮ್ಮೇಳನದ್ದೆಲ್ಲ ಊಟದ ಬಿಡುವಿನಲ್ಲಿ, ಬಸ್ಸಿನಲ್ಲಿ, ಭಾನುವಾರದ ಬೆಳಗಿನಲ್ಲಿ ಆಗಬೇಕು. ಸಭಾಂಗಣದ ಮ್ಯಾನೇಜರ್ ಕೇಳಿದ್ದನ್ನೇ ಮೂರು ಮೂರು ಸಲ ಕೇಳುತ್ತಿದ್ದ: ಕುರ್ಚಿ ಎಷ್ಟು, ಎಲ್ಲರೂ ಒಟ್ಟಿಗೆ ಲ್ಯಾಪ್‌ಟಾಪ್ ಚುಚ್ಚಿದರೆ ಫ್ಯೂಸ್ ಹೋಗುವುದಿಲ್ಲವೇ, ಸಸ್ಯಾಹಾರಿಗಳ ಸಾಲು ಯಾವ ಕಡೆ. ಬ್ಯಾಡ್ಜಿನ ದಾರ ನೀಲಿ ಬೇಕೆಂದರೆ ಹಳದಿ ಬಂದಿತ್ತು. ಬರಲಿ ಬಿಡಿ ಎಂದು ಅವಳು ಸುಮ್ಮನಾದಳು. ಮೂರು ವರ್ಷದ ಹಿಂದಾಗಿದ್ದರೆ ಅಂಗಡಿಯವನ ಹತ್ತಿರ ಜಗಳ ಕಾದು ವಾಪಸ್ಸು ಕಳಿಸುತ್ತಿದ್ದಳು.

ಎಲ್ಲಕ್ಕಿಂತ ಜೀವ ಹಿಂಡುತ್ತಿದ್ದದ್ದು ಭಾಷಣಗಳ ಆಯ್ಕೆ. ಮಾತಾಡಬೇಕೆನ್ನುವವರು ಒಂದು ಪುಟದ ಪ್ರಸ್ತಾವ ಕಳಿಸಬೇಕು. ಹೆಸರು ಮುಚ್ಚಿಟ್ಟು, ಬರೀ ನಂಬರಿನ ಮೇಲೆ ಅವನ್ನು ಓದಿ, ಹತ್ತಕ್ಕೆ ಇಷ್ಟೆಂದು ಅಂಕ ಹಾಕಿ, ಕೆಳಗೆ ಒಂದೆರಡು ಸಾಲು ಷರಾ ಬರೆಯಬೇಕು. ಈ ವರ್ಷ ಬಂದಿದ್ದು ನೂರ ನಲವತ್ತು. ಓದುವವರು ಇಬ್ಬರೇ: ಅವಳು, ಮತ್ತು ಕಾಲೇಜಿನಲ್ಲಿ ಪಾಠ ಮಾಡುವ, ಎಲ್ಲರೂ ಮೇಷ್ಟ್ರು ಎಂದೇ ಕರೆಯುವ ಹಳೆಯ ಸ್ನೇಹಿತರು. ಹೆಸರು ಮುಚ್ಚುವ ನಿಯಮ ಅವಳೇ ತಂದದ್ದು. ನಮ್ಮವರು ತಮ್ಮವರು ಅಂತ ಯಾರೂ ಬೊಟ್ಟು ಮಾಡಬಾರದು ಎನ್ನುವುದು ಅವಳ ಹಟ.

ನೂರ ಹದಿನೆಂಟನೆಯದನ್ನು ಅವಳು ಬಸ್ಸಿನಲ್ಲಿ ನಿಂತುಕೊಂಡೇ ಓದಿದಳು. ಒಂದು ಆ್ಯಪನ್ನು ಮುಚ್ಚುವಾಗ ಅನುಸರಿಸಬೇಕಾದ ಕ್ರಮಗಳು ಎನ್ನುವ ವಿಷಯ. ಬರವಣಿಗೆ ಸರ್ಕಾರಿ ಸುತ್ತೋಲೆಯ ಥರ ಒಣಕಲು. ನಾಲ್ಕು ಅಂಕ ಹಾಕಿ ಷರಾ ಬರೆದಳು: ‘ಮುಗಿದುಹೋದ ಆ್ಯಪಿನ ಕತೆ ಕೇಳಲು ಯಾರೂ ಬರುವುದಿಲ್ಲ. ಹೊಸದೇನಾದರೂ ಇದ್ದರೆ ಕಳಿಸಿ, ದಯವಿಟ್ಟು.’ ಅಷ್ಟರಲ್ಲಿ ಇಳಿಯುವ ಸ್ಟಾಪು ಬಂತು.

ಭಾನುವಾರ ಬೆಳಗ್ಗೆ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಇಬ್ಬರೂ ಕೂತು ಅಂಕ ಕೂಡಿಸಿದರು. ಮೂವತ್ತು ಆಯ್ಕೆಯಾದವು. ಮೇಷ್ಟ್ರು ಒಂದು ಬಟನ್ ಒತ್ತಿದರು. ನೂರ ನಲವತ್ತು ಜನಕ್ಕೂ ಷರಾ ಸಮೇತ ಮೇಲ್ ಹೋಯಿತು, ಅದರ ಹಿಂದೆಯೇ ಮುಚ್ಚಿಟ್ಟ ಹೆಸರುಗಳು ಪರದೆಯ ಮೇಲೆ ತೆರೆದುಕೊಂಡವು. ಮೇಷ್ಟ್ರು ತಿರಸ್ಕೃತರ ಪಟ್ಟಿಯ ಮೇಲೆ ಕಣ್ಣಾಡಿಸುತ್ತಾ ಬಂದವರು ಒಂದು ಕಡೆ ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಪರದೆಯನ್ನು ಅವಳ ಕಡೆ ತಿರುಗಿಸಿದರು.

ನೂರ ಹದಿನೆಂಟರ ಎದುರು ಅವಳ ಗಂಡನ ಹೆಸರಿತ್ತು.

ಗಂಡ ಒಂಬತ್ತು ವರ್ಷದಿಂದ ಒಂದೇ ಆ್ಯಪಿನ ಹಿಂದೆ ಬಿದ್ದಿದ್ದವನು. ವಯಸ್ಸಾದವರಿಗೆ ಯಾವ ಹೊತ್ತಿಗೆ ಯಾವ ಮಾತ್ರೆ ಅಂತ ನೆನಪಿಸುವ ಆ್ಯಪ್. ಕಂಪನಿ ಅದನ್ನು ಮುಚ್ಚಲು ತೀರ್ಮಾನಿಸಿತ್ತು. ಕೆಲಸಕ್ಕೇನೂ ತೊಂದರೆಯಿಲ್ಲ, ಅವನನ್ನು ಬೇರೆ ತಂಡಕ್ಕೆ ಹಾಕಿದ್ದರು. ಆ ಸುದ್ದಿಯನ್ನು ಅವನು ಒಂದು ಸಂಜೆ ಹೇಳಿದ್ದ. ಅವಳು ಹಳದಿ ದಾರಗಳನ್ನು ಐವತ್ತೈವತ್ತರ ಕಟ್ಟು ಮಾಡುತ್ತಾ ಕೂತಿದ್ದಳು. ಹ್ಞೂಂ ಎಂದಿದ್ದಳು. ಅಯ್ಯೋ ಪಾಪ ಅಂತಲೂ ಅಂದಿರಬೇಕು. ಅದಾದ ಮೇಲೆ ಇಬ್ಬರೂ ಆ ಮಾತೆತ್ತಿರಲಿಲ್ಲ.

ಮನೆಗೆ ಬಂದಾಗ ಗಂಡ ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದ. ಅತ್ತೆ ಎದುರು ಕುರ್ಚಿಯಲ್ಲಿ ಕೂತು ನಾರು ತೆಗೆದುಕೊಡುತ್ತಿದ್ದರು. ಚಪ್ಪಲಿ ಬಿಡುವಾಗಲೇ ಅತ್ತೆ ಅವಳಿಗೆ ಕೇಳುವ ಹಾಗೆ, ಪಾಪ, ನಾಲ್ಕು ದಿನ ಆ ಊಟದ ಮೇಜಿನ ಮುಂದೇ ಕೂತು ಬರೆದಿದ್ದ ನನ್ನ ಮಗ, ಎಂದರು. ಅವನು ಅಮ್ಮಾ ಸಾಕು ಎಂದ. ಅತ್ತೆ ಹೊರಗೆದ್ದು ಹೋದರು.

“ಹೆಸರು ಮುಚ್ಚಿರ್ತೀವಿ. ನಿಮ್ಮದು ಅಂತ ಗೊತ್ತಾಗ್ಲಿಲ್ಲ ಕಣ್ರೀ,” ಎಂದಳು.

“ಗೊತ್ತಾಗಬಾರದು ಅಂತಲೇ ಅಲ್ವಾ ಮುಚ್ಚೋದು.” ಅವನು ಈಳಿಗೆಯಿಂದ ತಲೆಯೆತ್ತಲಿಲ್ಲ. “ಷರಾ ನಿಂದೇ ಅಂತ ನನಗೆ ಗೊತ್ತಾಯ್ತು. ಕೊನೇಲಿ ‘ದಯವಿಟ್ಟು’ ಅಂತ ಅಂಟಿಸೋಳು ನೀನೊಬ್ಬಳೇ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳಿಗೆ ಸಲೀಸಾಗುತ್ತಿತ್ತು, ಒಂದು ಜಗಳಕ್ಕೆ ಮುಗಿಯುತ್ತಿತ್ತು. ಅವನು ಬರೆದಿದ್ದನ್ನು ತಾನು ಗುರುತಿಸಲಿಲ್ಲ, ತಾನು ಬರೆದ ಎರಡೇ ಸಾಲನ್ನು ಅವನು ಗುರುತಿಸಿದ. ಊಟ ಮಾಡುವಾಗ, ಪಾತ್ರೆ ತೊಳೆಯುವಾಗ, ಸೋಮವಾರ ಬಸ್ಸಿನಲ್ಲಿ ನಿಂತಾಗ ಅದೇ ಅವಳ ತಲೆಯಲ್ಲಿ ಕೊರೆಯುತ್ತಿತ್ತು. ಆದರೆ ಸಮ್ಮೇಳನಕ್ಕೆ ಇನ್ನು ಮೂರು ವಾರವಷ್ಟೇ ಉಳಿದಿತ್ತು, ಕೂತು ಮಾತಾಡಲು ಪುರುಸೊತ್ತು ಸಿಗಲಿಲ್ಲ. ಸಿಕ್ಕಾಗ ಅವಳಿಗೆ ಮೈಯಲ್ಲಿ ಶಕ್ತಿಯಿರುತ್ತಿರಲಿಲ್ಲ.

ಸಮ್ಮೇಳನದ ಮೊದಲ ದಿನ ಬೆಳಗ್ಗೆ ಬ್ಯಾಡ್ಜ್ ಕೊಡುವವರು ಇಬ್ಬರು ಕೈಕೊಟ್ಟರು. ಗಂಡ ಯಾರೂ ಕರೆಯದೆಯೇ ಬಂದು ಮೇಜಿನ ಹಿಂದೆ ನಿಂತ. ಆರುನೂರು ಜನಕ್ಕೆ ಹಳದಿ ದಾರ ಕೊರಳಿಗೆ ಹಾಕಿ, ಮೊದಲ ಹಾಲು ಎಡಕ್ಕೆ, ಟಾಯ್ಲೆಟ್ ಮೆಟ್ಟಿಲ ಪಕ್ಕ ಎಂದು ಹೇಳುತ್ತಲೇ ಇದ್ದ. ಅವಳು ಮೂರು ಹಾಲಿನ ನಡುವೆ ಓಡಾಡಿದಳು. ಒಂದು ಕಡೆ ಪ್ರೊಜೆಕ್ಟರ್ ಎಲ್ಲವನ್ನೂ ಹಸಿರಾಗಿ ತೋರಿಸುತ್ತಿತ್ತು, ಇನ್ನೊಂದು ಕಡೆ ಎ.ಸಿ. ಜಾಸ್ತಿಯಾಗಿ ಜನ ಕೈ ಕಂಕುಳಲ್ಲಿಟ್ಟುಕೊಂಡು ಕೂತಿದ್ದರು. ಮಧ್ಯಾಹ್ನದ ಹೊತ್ತಿಗೆ ಅವಳ ಕಾಲುಗಳು ಬಾತಿದ್ದವು.

ಎರಡು ಗಂಟೆಗೆ ಮೇಷ್ಟ್ರು ಅವಳನ್ನು ಹುಡುಕಿಕೊಂಡು ಬಂದರು. ಎರಡೂವರೆಗೆ ಮೂರನೇ ಹಾಲಿನಲ್ಲಿ ಮಾತಾಡಬೇಕಾಗಿದ್ದವರಿಗೆ ಗಂಟಲು ಕಟ್ಟಿಹೋಗಿತ್ತು. ಬಾಯಿ ತೆರೆದರೆ ಗಾಳಿ ಮಾತ್ರ ಬರುತ್ತಿತ್ತು. ನಲವತ್ತು ನಿಮಿಷ ಖಾಲಿ. ಮೇಷ್ಟ್ರು ಬ್ಯಾಡ್ಜಿನ ಮೇಜಿನ ಕಡೆ ಒಮ್ಮೆ ನೋಡಿ, ನೀನೇ ಕೇಳು, ನಾನು ಕೇಳಿದರೆ ಚೆನ್ನಾಗಿರಲ್ಲ, ಎಂದರು.

ಅವಳು ಹೋಗಿ, ಆ ಹೊತ್ತಿಗೆ ನೀವು ಮಾತಾಡ್ತೀರಾ ಎಂದು ಕೇಳಿದಳು. ಅವನು ಉಳಿದಿದ್ದ ಬ್ಯಾಡ್ಜುಗಳನ್ನು ಅಕ್ಷರದ ಪ್ರಕಾರ ಜೋಡಿಸುತ್ತಿದ್ದ. ಬೇಡ ಎಂದು ತಲೆಯಾಡಿಸಿದ.

“ಕೋಪಾನಾ?”

“ಇಲ್ಲ ಮಾರಾಯ್ತಿ. ನೀನು ಬರೆದಿದ್ದು ಸರಿಯಾಗೇ ಇತ್ತು, ಅದನ್ನ ಕೇಳೋಕೆ ಯಾರೂ ಬರಲ್ಲ.” ಒಂದು ಬ್ಯಾಡ್ಜನ್ನು ಕೈಯಲ್ಲೇ ತಿರುಗಿಸುತ್ತಾ ನಿಂತ. “ನನಗೆ ಭಾಷಣ ಮಾಡಬೇಕು ಅಂತ ಇರಲಿಲ್ಲ. ಮನೇಲಿ ಹೇಳಿದ್ರೆ ನೀನು ಹ್ಞೂಂ ಅಂತೀಯ. ಇಲ್ಲಿ ಕಳಿಸಿದ್ರೆ ಕೊನೇವರೆಗೂ ಓದ್ತೀಯಲ್ಲ, ಅದಕ್ಕೆ ಕಳಿಸ್ದೆ.”

ಅವಳು ಮೇಜಿನ ಮೇಲಿದ್ದ ಮಾರ್ಕರ್ ಎತ್ತಿಕೊಂಡಳು. ಒಂದು ಹಾಳೆಯ ಮೇಲೆ ‘ಈ ಭಾಷಣ ರದ್ದಾಗಿದೆ’ ಎಂದು ದಪ್ಪಕ್ಷರದಲ್ಲಿ ಬರೆದು ಮೂರನೇ ಹಾಲಿನ ಬಾಗಿಲಿಗೆ ಅಂಟಿಸಿದಳು. ವಾಕಿಟಾಕಿಯನ್ನು ಮೇಷ್ಟ್ರ ಕೈಗಿಟ್ಟು, ನಲವತ್ತು ನಿಮಿಷ ನಾನಿಲ್ಲ ಅಂದುಕೊಳ್ಳಿ ಎಂದಳು. ಏಳು ವರ್ಷದಲ್ಲಿ ಅವಳು ಅದನ್ನು ಬೇರೆಯವರ ಕೈಗೆ ಕೊಟ್ಟಿದ್ದು ಅದೇ ಮೊದಲು. ಮೇಷ್ಟ್ರು ಅದನ್ನು ಹೇಗೆ ಹಿಡಿಯಬೇಕೆಂದು ಗೊತ್ತಾಗದೆ ಎದೆಗವಚಿಕೊಂಡರು.

ಗಂಡನನ್ನು ಕರೆದುಕೊಂಡು ಒಳಗೆ ಹೋದಳು. ಖಾಲಿ ಹಾಲಿನಲ್ಲಿ ಇನ್ನೂರು ಕುರ್ಚಿ. ಅವಳು ಮೊದಲ ಸಾಲಿನಲ್ಲಿ ಕೂತು ಚಪ್ಪಲಿ ಕಳಚಿ ಕಾಲು ಚಾಚಿದಳು. ಗಂಡ ವೇದಿಕೆ ಹತ್ತಲಿಲ್ಲ, ಅವಳ ಪಕ್ಕದ ಕುರ್ಚಿಯಲ್ಲೇ ಕೂತ.

“ಹೇಳಿ,” ಎಂದಳು.

ಅವನು ಮೊದಲು ಸುತ್ತೋಲೆಯ ಭಾಷೆಯಲ್ಲೇ ಶುರುಮಾಡಿದ: ಮೂರು ತಿಂಗಳ ಮುಂಚೆ ಸೂಚನೆ, ಮಾಹಿತಿಯ ರಕ್ಷಣೆ, ಸರ್ವರ್ ನಿಲ್ಲಿಸುವ ದಿನಾಂಕ. ಆಮೇಲೆ ನಿಧಾನವಾಗಿ ದಾರಿ ಬಿಟ್ಟ. ಸೂಚನೆ ಹೋದ ಮೇಲೆ ಜನ ಕಾಗದ ಬರೆಯತೊಡಗಿದರಂತೆ, ಆ್ಯಪಿನೊಳಗೆ ದೂರು ಬರೆಯಲೆಂದು ಇಟ್ಟಿದ್ದ ಪುಟ್ಟ ಜಾಗದಲ್ಲಿ. ಒಬ್ಬ ನಿವೃತ್ತ ಬಸ್ ಡ್ರೈವರ್, ನಾನೇನಾದರೂ ತಪ್ಪು ಒತ್ತಿದೆನಾ, ಅದಕ್ಕೇ ನಿಲ್ಲಿಸುತ್ತಿದ್ದೀರಾ ಅಂತ ಕೇಳಿದ್ದರು. ಒಬ್ಬ ಅಜ್ಜಿ, ದಿನಕ್ಕೆ ನಾಲ್ಕು ಸಲ ನನ್ನ ಮಾತಾಡಿಸುವವರು ನೀವೊಬ್ಬರೇ, ಮಾತ್ರೆ ನೆನಪಿಟ್ಟುಕೊಳ್ಳುತ್ತೇನೆ, ಅದು ದೊಡ್ಡದಲ್ಲ, ಎಂದಿದ್ದರು. ಕಂಪನಿಯಲ್ಲಿ ಅವನ್ನು ಓದುವ ಕೆಲಸ ಯಾರದೂ ಅಲ್ಲ. ಇವನು ಓದುತ್ತಿದ್ದ.

ಅವಳು ತನ್ನ ಬಾಟಲಿಯ ನೀರು ಕೊಟ್ಟಳು. ಪಕ್ಕದ ಹಾಲಿನಲ್ಲಿ ಚಪ್ಪಾಳೆ ಬಿತ್ತು. ಅವಳು ಆ ಕಡೆ ಕಿವಿ ಕೊಡಲಿಲ್ಲ.

“ಅವರಿಗೆಲ್ಲ ಏನು ಉತ್ತರ ಬರೆದ್ರಿ?”

ಅವನು ನೆಲ ನೋಡಿದ. “ಬರೆದಿಲ್ಲ. ಇಪ್ಪತ್ತಮೂರು ಜನ. ಏನು ಬರೀಲಿ ಅಂತ ಗೊತ್ತಾಗ್ತಿಲ್ಲ. ಬರೆಯೋಕೆ ಕೂತ್ರೆ ಸುತ್ತೋಲೆ ಆಗುತ್ತೆ.”

“ಅದೇನೋ ನಿಜ,” ಎಂದಳು. ಅವನಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಅವಳೂ ಸ್ವಲ್ಪ ನಕ್ಕಳು.

ಅವನ ಫೋನು ಇಸಿದುಕೊಂಡು ಮೊದಲು ಡ್ರೈವರಿನ ಕಾಗದ ತೆರೆದಳು. ಅದು ಸುಲಭವಿತ್ತು: ನಿಮ್ಮ ತಪ್ಪೇನೂ ಇಲ್ಲ. ಅಷ್ಟು ಬರೆದರು. ಅಜ್ಜಿಯದು ಅಷ್ಟು ಸುಲಭವಿರಲಿಲ್ಲ. ಅವನು ಒಂದು ವಾಕ್ಯ ಹೇಳಿದ, ಅವಳು ಬೇಡವೆಂದಳು. ಅವಳು ಒಂದು ಹೇಳಿದಳು, ಅದು ಅವಳಿಗೇ ಸುಳ್ಳೆನಿಸಿತು. ಕೊನೆಗೆ ಅವನು, ನನ್ನ ನಂಬರು ಕೊಟ್ಟುಬಿಡಲಾ ಎಂದ. ಕಂಪನಿಗೆ ಗೊತ್ತಾದರೆ ಏನೆನ್ನುತ್ತಾರೋ ಎಂದು ಇಬ್ಬರೂ ಯೋಚಿಸಿದರು, ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಅವಳು ಟೈಪ್ ಮಾಡತೊಡಗಿದಳು.

ಆಗ ಬಾಗಿಲು ಸರಿಸಿ ಒಬ್ಬಾತ ಇಣುಕಿದ. ಎರಡೂವರೆಯ ಭಾಷಣ ಇಲ್ಲೇನಾ ಎಂದು ಕೇಳಿದ. ಇಲ್ಲ, ರದ್ದಾಗಿದೆ ಎಂದು ಅವಳು ತಲೆಯೆತ್ತದೆಯೇ ಹೇಳಿದಳು. ಆತ ಸರಿ ಎಂದವನು ಹೋಗಲಿಲ್ಲ. ಹಿಂದಿನ ಸಾಲಿನಲ್ಲಿ ಒಂದು ಪ್ಲಗ್ಗು ಹುಡುಕಿ ಫೋನು ಚಾರ್ಜಿಗೆ ಹಾಕಿ, ಕಣ್ಣು ಮುಚ್ಚಿ ಕೂತ. ಇವರು ದನಿ ತಗ್ಗಿಸಿ ಮೂರನೇ ಕಾಗದ ತೆರೆದರು.