ಬಾಯ್ಮಾತಿನ ಸಾಹೇಬರು

“ಹಿಂದಿನ ತಾರೀಖು ಹಾಕೋ ಸೌಲಭ್ಯ ಇಡ್ಲಾ, ಬೇಡ್ವಾ?” ಸಾಫ್ಟ್‌ವೇರ್ ಕಂಪನಿಯ ಹುಡುಗಿ ಕೇಳಿದಳು. “ಎಲ್ಲಾ ಕಡೆ ಇಡಿಸ್ಕೋತಾರೆ. ಮೊದ್ಲು ಚಿತ್ರ ಸಾಗಿಸಿಬಿಡೋದು, ಆಮೇಲೆ ಕೋರಿಕೆ ಬರೆಯೋದು. ಅನುಕೂಲ ನೋಡಿ.”

ದಾಖಲೆಯ ಅಕ್ಕ ಪೆನ್ನಿಗೆ ಮುಚ್ಚಳ ಹಾಕಿದಳು. “ಬೇಡ.”

“ಉಪನಿರ್ದೇಶಕರನ್ನ ಒಂದ್ಮಾತು ಕೇಳ್ಬೇಕಲ್ವಾ?”

“ಅವರೇ ನನ್ನನ್ನ ಕೇಳಿ ಅಂದಿದಾರಲ್ಲಮ್ಮಾ. ಬೇಡ ಅಂದ್ರೆ ಬೇಡ.”

ಅದು ನಿಜವೇ. ಹೊಸ ಸಾಫ್ಟ್‌ವೇರಿನ ಮೊದಲ ಸಭೆಗೆ ಉಪನಿರ್ದೇಶಕರು ಬಾಗಿಲವರೆಗೆ ಬಂದು, “ಈ ಗುಂಡಿ ಒತ್ತೋ ಕೆಲಸವೆಲ್ಲ ಅಕ್ಕಂಗೆ ಬಿಟ್ಟಿದ್ದು” ಎಂದು ಹೇಳಿ ಹಾಗೇ ತಿರುಗಿದ್ದರು. ಆ ಕಲಾ ಸಂಗ್ರಹಾಲಯದಲ್ಲಿ ಚಿತ್ರವಾಗಲಿ ಮಡಕೆಯಾಗಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಕೋರಿಕೆ ಬರೆಯಬೇಕು, ಅದಕ್ಕೆ ಒಪ್ಪಿಗೆ ಸಿಗಬೇಕು, ಆಮೇಲಷ್ಟೇ ಎತ್ತುವವರು ಕೈ ಹಚ್ಚಬೇಕು. ಉಪನಿರ್ದೇಶಕ ಸಾಹೇಬರು ಮಾತ್ರ ಜನ್ಮದಲ್ಲಿ ಒಂದು ಕೋರಿಕೆ ಬರೆದವರಲ್ಲ. “ಮೊದ್ಲು ಎತ್ರಪ್ಪಾ, ಬರೆಯೋದು ಇದ್ದಿದ್ದೇ” ಎನ್ನುವುದೇ ಅವರ ಮಂತ್ರ. ಬೆನ್ನ ಹಿಂದೆ ಎಲ್ಲರೂ ಅವರನ್ನು ಬಾಯ್ಮಾತಿನ ಸಾಹೇಬರು ಎನ್ನುತ್ತಿದ್ದರು. ವಸ್ತು ಹೋಗಿ ಕೂತ ಮೇಲೆ ಹಳೆಯ ಸಾಫ್ಟ್‌ವೇರಿನಲ್ಲಿ ನಿನ್ನೆಯ ತಾರೀಖು ಹಾಕಿ ಕೋರಿಕೆ ಸೇರಿಸುವುದು ಅಕ್ಕನ ಪಾಲಿನ ಕೆಲಸ.

ಹಾಗೆ ಬಾಯಲ್ಲೇ ಹೇಳಿ ಒಂದು ಬೆಳಿಗ್ಗೆ ಅವರು ನೀಲಿ ಹೂಜಿಯನ್ನು ಮೇಲಿನ ಅಂತಸ್ತಿಗೆ ಕಳಿಸಿದ್ದರು. ಎತ್ತಿದವನು ಅಕ್ಕನ ಸ್ವಂತ ಅಣ್ಣ, ಆಗ ಎತ್ತುವವರ ಮೇಸ್ತ್ರಿ. ಕೋರಿಕೆ ಬರೆದಿದ್ದರೆ ದುರಸ್ತಿಯವನು ಒಮ್ಮೆ ನೋಡಿ, ಆ ಹಿಡಿ ಹಿಂದೆಂದೋ ಅಂಟಿಸಿದ್ದು, ಅದನ್ನು ಹಿಡಿಯಬೇಡಿ ಎನ್ನುತ್ತಿದ್ದ. ಮೆಟ್ಟಿಲ ನಡುವೆ ಹಿಡಿ ಅಣ್ಣನ ಕೈಯಲ್ಲಿ ಉಳಿಯಿತು, ಹೂಜಿ ಕೆಳಗೆ ಬಿದ್ದು ಚೂರಾಯಿತು. “ಈಗೇನೂ ಬರೆಯಕ್ಕೆ ಹೋಗ್ಬೇಡ” ಎಂದು ಅವಳನ್ನು ತಡೆದರು ಸಾಹೇಬರು. ವಿಚಾರಣೆಯಲ್ಲಿ ಅದೇ ಸಾಹೇಬರು ಕನ್ನಡಕ ಒರೆಸಿಕೊಳ್ಳುತ್ತಾ, “ನಾನು ಹೇಳಿದ್ದೆ ಅನ್ನೋಕೆ ಕೋರಿಕೆ ಎಲ್ಲಿದೆ? ಬಾಯ್ಮಾತಿಗೇನು ಸಾಕ್ಷಿ?” ಎಂದರು. ಅವಳು ಎದ್ದು ನಿಂತು ನಡೆದದ್ದನ್ನು ಹೇಳಿದಳು. “ತಂಗಿ ಅಣ್ಣನ ಪರ ಹೇಳದೆ ಇನ್ಯಾರ ಪರ ಹೇಳ್ತಾಳೆ, ಪಾಪ” ಎಂದು ಸಾಹೇಬರು ನಕ್ಕರು. ಅಣ್ಣನ ಕೆಲಸ ಹೋಯಿತು.

ಈಗ ಅವನು ಪೀಠೋಪಕರಣದ ಅಂಗಡಿಯಲ್ಲಿ ಬೀರು, ಮಂಚ ಹೊರುತ್ತಾನೆ. ಮನೆಯಲ್ಲಿ ಖಾಲಿ ಲೋಟವನ್ನೂ ಎರಡೂ ಕೈಯಲ್ಲಿ ಹಿಡಿದು ತರುತ್ತಾನೆ. ಆ ಎರಡು ಕೈ ಕಂಡಾಗಲೆಲ್ಲ ಅವಳಿಗೆ ಸಾಹೇಬರ ಆ ನಗು ನೆನಪಾಗುತ್ತದೆ. “ಆ ಜಾಗ ಬಿಟ್ಟುಬಿಡೇ” ಎಂದು ಅವನೇ ಎಷ್ಟೋ ಸಲ ಹೇಳಿದ್ದ. “ಆ ಸಾಹೇಬ ಮಣ್ಣು ಮುಕ್ಕೋದನ್ನ ನೋಡದೆ ಬಿಡಲ್ಲ” ಎನ್ನುತ್ತಿದ್ದಳು. ತಾಳಿದವನು ಬಾಳಿಯಾನು ಎಂದು ಹಿರಿಯರು ಹೇಳಿದ್ದು ಬೇರೆ ಅರ್ಥದಲ್ಲಿ ಇರಬಹುದು. ಅವಳು ತಾಳಿದ್ದು ಮಾತ್ರ ಇದಕ್ಕೇ.

ಹೊಸ ಸಾಫ್ಟ್‌ವೇರ್ ಶುರುವಾಯಿತು. ಒಪ್ಪಿಗೆಯಾದ ಕೋರಿಕೆ ಇಲ್ಲದಿದ್ದರೆ ಉಗ್ರಾಣದ ಬಾಗಿಲೇ ತೆರೆಯದು. ಎತ್ತುವವರ ಫೋನಿಗೆ ಚೀಟಿ ಬಾರದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅದಕ್ಕೇ ಅವಳು ನಾಲ್ಕು ಜನರ ಎದುರಿಗೆ ವಿನಯದಿಂದಲೇ, “ಸಾರ್, ಕಲಿಯೋಕೆ ಒಂದ್ಗಳಿಗೆ ಬನ್ನಿ” ಎಂದು ಕರೆದಿದ್ದಳು. ಸಾಹೇಬರು ಬರಲಿಲ್ಲ. ಬರುವುದಿಲ್ಲವೆಂದು ಅವಳಿಗೂ ಗೊತ್ತಿತ್ತು.

ಆಡಳಿತ ಮಂಡಳಿಯ ಅಧ್ಯಕ್ಷೆ ಬರುವ ದಿನ. ಅವರು ತಮ್ಮ ತಾಯಿಯ ದೊಡ್ಡ ಭಾವಚಿತ್ರವನ್ನು ಸಂಗ್ರಹಾಲಯಕ್ಕೆ ಕೊಟ್ಟಿದ್ದರು. ಅದನ್ನು ವಿಶಾಲವಾದ ಮುಂದಿನ ಹಾಲಿನಲ್ಲಿ ಕಣ್ತುಂಬ ನೋಡಬೇಕೆಂದು ನೆಂಟರನ್ನೂ ಕರೆತರುವವರಿದ್ದರು. ಬೆಳಿಗ್ಗೆ ಈಗಿನ ಮೇಸ್ತ್ರಿ ಅಕ್ಕನ ಮೇಜಿನ ಬಳಿ ಬಂದು ತಲೆ ಕೆರೆದುಕೊಂಡ.

“ಅಕ್ಕಾ, ಅಮ್ಮಾವ್ರ ಚಿತ್ರ ಹಾಲಿಗೆ ತಗೊಂಡ್ಹೋಗಿ ಅಂತ ಸಾಹೇಬ್ರು ಹೇಳಿ ಹೋದ್ರು. ಚೀಟಿ ಬಂದಿಲ್ಲ, ಬಾಗ್ಲೂ ತೆಗೀತಿಲ್ಲ.”

“ಚೀಟಿ ಬರದೆ ಎತ್ತಿದ್ರೆ ಏನಾಗುತ್ತೆ ಅಂತ ನಿಂಗೆ ಗೊತ್ತಲ್ಲ. ಕೂತ್ಕೊಂಡು ಟೀ ಕುಡಿ.”

ಸಾಹೇಬರಿಗೆ ಒಂದು ಫೋನು ಮಾಡಿದ್ದರೆ ಮುಗಿದುಹೋಗುತ್ತಿತ್ತು. ಅವಳ ಕೈ ಫೋನಿನ ಮೇಲೂ ಹೋಯಿತು. ಹೋದ ಕೈ ಅದರ ಸಿಕ್ಕುಬಿದ್ದ ವೈರನ್ನು ಬಿಡಿಸಿ, ನೇರ ಮಾಡಿ ವಾಪಸು ಬಂತು.

ಹಾಲಿನಲ್ಲಿ ದೀಪಗಳೆಲ್ಲ ಬರಿಯ ಗೋಡೆಯ ಮೇಲೆ ಬಿದ್ದಿದ್ದವು. ಗೋಡೆಗೆ ತಾಯಿಯ ಹೆಸರಿನ ಫಲಕ ಅಂಟಿಸಿತ್ತು, ತಾಯಿ ಇರಲಿಲ್ಲ. ಅಧ್ಯಕ್ಷೆ ನೆಂಟರ ಎದುರು ಕೆಂಪಾಗಿ ನಿಂತಿದ್ದರು.

“ಬೆಳಿಗ್ಗೇನೇ ಹೇಳಿದ್ದೆ ಮೇಡಂ, ಈ ಜನಕ್ಕೆ ಸೋಮಾರಿತನ” ಎಂದರು ಸಾಹೇಬರು.

“ಕೋರಿಕೆ ಹಾಕಿದ್ರಾ?”

“ಕೋರಿಕೆ-ಗೀರಿಕೆ ಎಲ್ಲ ನಾನು ಬಂದಾಗಿಂದ ಇಲ್ಲ ಮೇಡಂ. ಇಲ್ಲಿ ನಡೆಯೋದೇ ನನ್ನ ಬಾಯ್ಮಾತಿನ ಮೇಲೆ. ನಾನು ಹೇಳದೆ ಈ ಕಟ್ಟಡದಲ್ಲಿ ಒಂದು ಮೊಳೆ ಅಲುಗಾಡಲ್ಲ. ಬೇಕಾದ್ರೆ ಇವರನ್ನೇ ಕೇಳಿ.” ಅವರ ಬೆರಳು ಅಕ್ಕನ ಕಡೆ ತಿರುಗಿತ್ತು.

ಎಷ್ಟು ವರ್ಷ ಕಾದ ಗಳಿಗೆ! ಅವಳು ಒಂದು ಹೆಜ್ಜೆ ಮುಂದೆ ಬಂದಳು. ದನಿ ಏರಿಸಲಿಲ್ಲ.

“ನಿಜ ಮೇಡಂ. ಅವರು ಹೇಳದೆ ಯಾರೂ ಏನೂ ಎತ್ತಿದ್ದಿಲ್ಲ. ಆ ನೀಲಿ ಹೂಜಿನೂ ಅಷ್ಟೇ.”

ಮೇಸ್ತ್ರಿ ನೆಲ ನೋಡಿದ. ಆ ವಿಚಾರಣೆಯ ಆದೇಶಕ್ಕೆ ಸಹಿ ಹಾಕಿದ್ದು ಇದೇ ಅಧ್ಯಕ್ಷೆ. ಅವರು ಸಾಹೇಬರನ್ನು ನಿಧಾನವಾಗಿ ನೋಡಿದರು.

“ಅವತ್ತು ನನ್ನ ಮುಂದೆ ಬೇರೆ ಥರ ಹೇಳಿದ್ರಲ್ಲ?”

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದರು.

ಸಂಜೆ ಅವಳು ಚಪ್ಪಲಿ ಬಿಡುವಷ್ಟರಲ್ಲೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು: ವಿಚಾರಣೆ ಮತ್ತೆ ತೆರೆಯುತ್ತಾರಂತೆ, ಸಾಹೇಬರನ್ನು ರಜೆಯ ಮೇಲೆ ಕಳಿಸಿದ್ದಾರೆ, ಬೇಕಿದ್ದರೆ ಅಣ್ಣ ಕೆಲಸಕ್ಕೆ ವಾಪಸು ಬರಬಹುದು. ಅಣ್ಣ ಎರಡೂ ಕೈಯಲ್ಲಿ ಟೀ ಲೋಟ ತಂದು ಅವಳ ಮುಂದಿಟ್ಟ.

“ಮುಖ ಹೇಗಿತ್ತು?” ಎಂದ.

“ಯಾರದು?”

“ಅವನದು.”

“ಇಂಗು ತಿಂದ ಮಂಗನ ಥರ.”

ಅಣ್ಣನ ತುಟಿ ಅದುರಿತು. ನಗು ಭುಜಕ್ಕೆ ಹತ್ತಿ, ಕೊನೆಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆಮೇಲೆ ಅಂಗೈಯಿಂದ ಮುಖ ಒರೆಸಿಕೊಂಡು, ಬಾಗಿಲ ಬಳಿಯಿದ್ದ ಕುರ್ಚಿಯನ್ನು ಒಂದೇ ಕೈಯಲ್ಲಿ ಎತ್ತಿ ತಂದು ಅವಳ ಎದುರಿಗೆ ಹಾಕಿಕೊಂಡ.

“ಮೊದಲಿಂದ ಹೇಳು,” ಎಂದ. “ನಿಧಾನಕ್ಕೆ.”